ಹಳದಿ ಬಣ್ಣ ಹಚ್ಚುವ ಮುನ್ನ

ನಗರ ಮತ್ತು ಪ್ರಾದೇಶಿಕ ಯೋಜನೆಯ ಸ್ನಾತಕೋತ್ತರ ತರಗತಿಗಳಿಗೆ ಈ ವರ್ಷ ಸೇರಿರುವ ವಿದ್ಯಾರ್ಥಿ, ವಿದ್ಯಾರ್ಥಿನಿಯರಿಗೆ,



ನಿಮಗೆ ನನ್ನ ಪರಿಚಯವಿಲ್ಲ. ಎಂಬತ್ತರ ದಶಕದಲ್ಲಿ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದೇ ವಿಷಯ ಓದಿ, ಮೂವತ್ತು ವರ್ಷ ಊರುಗಳ ನಕ್ಷೆ ಮಾಡುವ ಕೆಲಸದಲ್ಲಿದ್ದು ನಿವೃತ್ತನಾದವನು ನಾನು. ನೀವು ಸಿವಿಲ್ ಎಂಜಿನಿಯರಿಂಗ್ ಮುಗಿಸಿಯೋ, ಆರ್ಕಿಟೆಕ್ಚರ್ ಓದಿಯೋ, ಭೂಗೋಳ ಅಥವಾ ಅರ್ಥಶಾಸ್ತ್ರದಿಂದಲೋ ಈ ಕಡೆ ಬಂದಿರುತ್ತೀರಿ. ಮನೆಗೆ ಬಂದ ನೆಂಟರು "ಪ್ಲಾನಿಂಗ್ ಅಂದ್ರೆ ಮನೆ ಪ್ಲಾನ್ ಹಾಕ್ಕೊಡೋದಾ?" ಎಂದು ಕೇಳಿಯೇ ಇರುತ್ತಾರೆ. ನನ್ನ ಸೋದರಮಾವ ಕೊನೆಯವರೆಗೂ ಹಾಗೆಂದೇ ತಿಳಿದಿದ್ದರು. ಅವರಿಗೆ ಬಿಡಿಸಿ ಹೇಳುವ ಪ್ರಯತ್ನವನ್ನು ನಾನು ಸರಿಯಾಗಿ ಮಾಡಲಿಲ್ಲವೆಂಬ ಬೇಸರ ಈಗಲೂ ಇದೆ. ಯಾವ ಜಮೀನಿನಲ್ಲಿ ಮನೆ ಏಳಬೇಕು, ಯಾವುದು ಗದ್ದೆಯಾಗಿಯೇ ಉಳಿಯಬೇಕು, ರಸ್ತೆ ಎಲ್ಲಿ ಹಾಯಬೇಕು, ಮಳೆಯ ನೀರು ಎಲ್ಲಿ ಹರಿಯಬೇಕು ಎಂದು ಮುಂದಿನ ಇಪ್ಪತ್ತು ವರ್ಷಕ್ಕೆ ಒಂದು ಊರಿನ ಪರವಾಗಿ ತೀರ್ಮಾನಿಸುವ ಕೆಲಸ ಇದು. ಇಷ್ಟು ದೊಡ್ಡ ಕೆಲಸಕ್ಕೆ ಕೈ ಹಾಕುತ್ತಿರುವ ನಿಮ್ಮ ಹತ್ತಿರ ಒಂದು ಮಾತು ಕೇಳಿಕೊಳ್ಳಬೇಕಾಗಿದೆ.

ನಿಮ್ಮ ಪದವಿಯ ಹೆಸರಿನಲ್ಲಿ 'ನಗರ' ಎಂಬ ಮಾತಿನ ಪಕ್ಕದಲ್ಲಿ 'ಪ್ರಾದೇಶಿಕ' ಎಂಬ ಮಾತಿದೆ. ಓದುವಾಗ ಅದು ಒಂದು ಸೆಮಿಸ್ಟರಿನ ಪತ್ರಿಕೆಯಾಗಿ ಮುಗಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೆ ಪೂರ್ತಿ ಮರೆತೇಹೋಗುತ್ತದೆ. ದಯವಿಟ್ಟು ನೀವು ಅದನ್ನು ಮರೆಯಬೇಡಿ. ನಾನು ಮರೆತೆ, ಮತ್ತು ಮರೆತದ್ದರಿಂದ ಏನಾಯಿತೆಂದು ಹೇಳಲಿಕ್ಕೇ ಈ ಪತ್ರ.

ಕಲಿಸಿಕೊಟ್ಟವರು ಕಡಿಮೆ ಮಾಡಿರಲಿಲ್ಲ. ನಮ್ಮ ಮೇಷ್ಟ್ರೊಬ್ಬರು ತರಗತಿ ಶುರುವಾದ ಮೊದಲ ವಾರವೇ ಡ್ರಾಯಿಂಗ್ ಬೋರ್ಡು ಮುಟ್ಟಬೇಡಿ ಎಂದು ಹೇಳಿ ನಮ್ಮನ್ನೆಲ್ಲ ಕುಕ್ಕರಹಳ್ಳಿ ಕೆರೆಯ ಏರಿಗೆ ಕರೆದುಕೊಂಡು ಹೋದರು. ಕ್ಯಾಂಪಸ್ಸಿಗೆ ಅಂಟಿಕೊಂಡೇ ಇರುವ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಕಟ್ಟಿಸಿದ್ದು. ಅದರ ಸುತ್ತ ವಾಯುವಿಹಾರ ಮಾಡುವ ಎಲ್ಲರಿಗೂ ಕೆರೆ ಗೊತ್ತು. ಮೇಷ್ಟ್ರು ಕೇಳಿದ್ದು ಬೇರೆ ಪ್ರಶ್ನೆ: "ಇದಕ್ಕೆ ನೀರು ಎಲ್ಲಿಂದ ಬರುತ್ತೆ?" ನಮ್ಮಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಅವರು ನಮ್ಮನ್ನು ಪೂರ್ಣಯ್ಯ ನಾಲೆಯ ಜಾಡು ಹಿಡಿಸಿ ನಡೆಸಿದರು. ಎರಡು ಶತಮಾನದ ಹಿಂದೆ ದಿವಾನ್ ಪೂರ್ಣಯ್ಯನವರು ತೋಡಿಸಿದ ಆ ನಾಲೆ ಎಷ್ಟೋ ದೂರದ ಮಳೆನೀರನ್ನು ಈ ಕೆರೆಗೆ ತಂದು ಸುರಿಯುತ್ತಿತ್ತು. ಒಂದು ಕಡೆ ನಾಲೆ ಚೆನ್ನಾಗಿಯೇ ಕಾಣುತ್ತಿತ್ತು, ಇನ್ನೊಂದು ಕಡೆ ಮುಚ್ಚಿಹೋಗಿತ್ತು, ಮತ್ತೊಂದು ಕಡೆ ಮನೆಗಳ ಹಿತ್ತಿಲಿಗೆ ಸೇರಿಹೋಗಿತ್ತು. ಸಂಜೆ ಹೊತ್ತಿಗೆ ಕಾಲು ಸೋತು ಕೂತಾಗ ಮೇಷ್ಟ್ರು ಇಷ್ಟೇ ಹೇಳಿದರು: "ಕೆರೆ ಊರಿನ ಒಳಗಿದೆ, ಅದರ ನೀರು ಊರಿನ ಹೊರಗಿದೆ. ನಿಮ್ಮ ನಕ್ಷೆಯ ಗಡಿ ಎಲ್ಲಿ ಎಳೀತೀರಿ ಯೋಚನೆ ಮಾಡಿ."

ಅಂಥವರ ಕೈಕೆಳಗೆ ಕಲಿತವನು ಹತ್ತು ವರ್ಷದೊಳಗೆ ಏನು ಮಾಡಿದೆ ನೋಡಿ.

ತೊಂಬತ್ತರ ದಶಕದ ನಡುವೆ ಒಂದು ತಾಲ್ಲೂಕು ಕೇಂದ್ರದ ಓಡಿಪಿ ಮಾಡುವ ತಂಡದಲ್ಲಿದ್ದೆ. ಈಗ ಮಹಾಯೋಜನೆ ಎನ್ನುತ್ತೀರಲ್ಲ, ಅದಕ್ಕೆ ಆಗ ಔಟ್‌ಲೈನ್ ಡೆವಲಪ್‌ಮೆಂಟ್ ಪ್ಲಾನ್ ಎನ್ನುತ್ತಿದ್ದರು. ಊರಿನ ಹೆಸರು ಬೇಡ, ಅಲ್ಲಿ ಈಗಲೂ ಜನ ಬದುಕುತ್ತಿದ್ದಾರೆ. ಕಂಪ್ಯೂಟರು ಇನ್ನೂ ನಮ್ಮ ಮೇಜಿಗೆ ಬಂದಿರಲಿಲ್ಲ. ಟ್ರೇಸಿಂಗ್ ಹಾಳೆಯ ಮೇಲೆ ಮಸಿ ಪೆನ್ನಿನಲ್ಲಿ ಗೆರೆ ಎಳೆದು, ಅಮೋನಿಯಾ ಪ್ರಿಂಟು ತೆಗೆಸಿ, ಅದಕ್ಕೆ ಕೈಯಲ್ಲೇ ಬಣ್ಣ ತುಂಬುವುದು. ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಕಟ್ಟಡಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಈ ಬಣ್ಣಗಳನ್ನು ನೀವೂ ಮೊದಲ ಸೆಮಿಸ್ಟರಿನಲ್ಲೇ ಬಾಯಿಪಾಠ ಮಾಡುತ್ತೀರಿ.

ಊರಿನ ಈಶಾನ್ಯಕ್ಕೆ ಒಂದು ಕೆರೆ. ಏರಿಯ ಕೆಳಗೆ ಅಚ್ಚುಕಟ್ಟು, ಅದರಾಚೆ ಬೀಳು ಬಿದ್ದ ಸುಮಾರು ಮೂವತ್ತು ಎಕರೆ. ಬಸ್ ನಿಲ್ದಾಣಕ್ಕೆ ಹತ್ತಿರ, ನೆಲ ಸಮ, ಬೆಳೆ ಇಲ್ಲ. ನಮ್ಮ ಮುಂದಿದ್ದದ್ದು 1:50,000 ಅಳತೆಯ ಸರ್ವೆ ಹಾಳೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ವರ್ಷಗಟ್ಟಲೆ ಒಣಗಿ ಲಂಟಾನ ಬೆಳೆದಿದ್ದ ಒಂದು ಕೋಡಿಹಳ್ಳ, ಅಂದರೆ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದುಹೋಗುವ ದಾರಿ, ಆ ಹಾಳೆಯಲ್ಲಿ ಇರಲೇ ಇಲ್ಲ. ನಾನು ಆ ಮೂವತ್ತು ಎಕರೆಗೂ ಹಳದಿ ತುಂಬಿದೆ.

ಇಲ್ಲಿ ನನ್ನ ಮನಸ್ಸನ್ನು ಇವತ್ತಿಗೂ ಕೊರೆಯುವ ಸಂಗತಿ ಬೇರೆ ಇದೆ. ಆ ಹಳ್ಳ ನನಗೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಸ್ಥಳ ನೋಡಲು ಹೋದ ದಿನ ಊರಿನ ನೀರಗಂಟಿ ಕೋಡಿಯ ಕಲ್ಲಿನ ಮೇಲೆ ನಿಂತು ಕೈ ಚಾಚಿ ತೋರಿಸಿದ್ದ. "ಕೋಡಿ ಬಿದ್ರೆ ನೀರು ಆ ಹೊಂಗೆ ಮರದ ಬಲಕ್ಕೇ ಹಾಯೋದು ಸ್ವಾಮಿ. ನಮ್ಮಪ್ಪನ ಕಾಲದಾಗೆ ಮೂರು ಸರ್ತಿ ಬಿದ್ದೈತೆ." ಅದನ್ನು ನಾನು ಪಾಕೆಟ್ ಪುಸ್ತಕದಲ್ಲಿ ಬರೆದುಕೊಂಡಿದ್ದೆ ಕೂಡ. ಜೀಪು ಕಾಯುತ್ತಿತ್ತು, ಅದೇ ದಿನ ಇನ್ನೂ ಎರಡು ಕಡೆ ನೋಡುವುದಿತ್ತು. ಕಚೇರಿಗೆ ಬಂದ ಮೇಲೆ ಪುಸ್ತಕದ ಮಾತು ನಕ್ಷೆಗೆ ಇಳಿಯಲಿಲ್ಲ. ಮುಂದೆ ಯೋಜನೆಗೆ ಅನುಮೋದನೆ ಸಿಕ್ಕಿತು, ಭೂಪರಿವರ್ತನೆ ಆಯಿತು, ಮೂವತ್ತು ನಲವತ್ತರ ಸೈಟುಗಳ ಲೇಔಟ್ ಎದ್ದಿತು. ಯಾರೂ ಕಾನೂನು ಮುರಿಯಲಿಲ್ಲ. ಎಲ್ಲ ಕಾಗದವೂ ಸರಿಯಾಗಿತ್ತು, ಏಕೆಂದರೆ ಮೊದಲ ಕಾಗದದಲ್ಲಿ ನಾನು ಹಳದಿ ತುಂಬಿದ್ದೆ.

ಹನ್ನೆರಡು ಹದಿಮೂರು ವರ್ಷದ ಮೇಲೆ ಒಂದು ರಾತ್ರಿ ಕೆರೆ ಕೋಡಿ ಬಿತ್ತು. ನೀರು ನೀರಗಂಟಿ ತೋರಿಸಿದ ದಾರಿಯಲ್ಲೇ ಬಂತು. ಜೀವಹಾನಿ ಆಗಲಿಲ್ಲ, ಅದೊಂದು ಪುಣ್ಯ. ಬೇರೆ ಜಿಲ್ಲೆಯಲ್ಲಿದ್ದ ನಾನು ಪತ್ರಿಕೆಯಲ್ಲಿ ಊರಿನ ಹೆಸರು ಓದಿ ಮೂರನೆಯ ದಿನ ಅಲ್ಲಿಗೆ ಹೋದೆ. ಒಂದು ಮನೆಯ ಅಂಗಳದಲ್ಲಿ ಹಗ್ಗ ಕಟ್ಟಿ, ಬಟ್ಟೆ ಒಣಹಾಕುವ ಕ್ಲಿಪ್ಪುಗಳಲ್ಲಿ ಮಗಳ ಮಾರ್ಕ್ಸ್ ಕಾರ್ಡು, ಪಡಿತರ ಚೀಟಿ, ಸೈಟಿನ ಕ್ರಯಪತ್ರ ಎಲ್ಲವನ್ನೂ ಸಾಲಾಗಿ ಒಣಹಾಕಿದ್ದರು. ಆ ಮನೆಯಾಕೆ ನಾನು ಯಾರೆಂದು ಕೇಳಲಿಲ್ಲ. ಸರ್ಕಾರದ ಕಡೆಯವನೆಂದು ಊಹಿಸಿ, "ಸಾರ್, ಇದು ಗೌರ್ಮೆಂಟೇ ಸೈಟು ಅಂತ ಒಪ್ಪಿದ ಜಾಗ ಅಲ್ವಾ?" ಎಂದರು. ಹೌದಮ್ಮ ಎಂದೆ. ಒಪ್ಪಿಸಿದವನು ನಾನೇ ಎಂದು ಹೇಳುವ ಧೈರ್ಯ ಬರಲಿಲ್ಲ.

ಅಲ್ಲಿಂದ ನೇರ ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಗೆ ಹೋಗಿ ಆ ಗ್ರಾಮದ ನಕಾಶೆ ತೆಗೆಸಿದೆ. ಅಂಗುಲಕ್ಕೆ ಒಂದು ಫರ್ಲಾಂಗಿನ ಹಳೆಯ ಹಾಳೆ. ಕೋಡಿಯಿಂದ ಹೊರಟು ಆ ಮೂವತ್ತು ಎಕರೆಯ ನಡುವೆ ಹಾದು ಮುಂದಿನ ಊರಿನ ಕೆರೆಗೆ ಸೇರುವ ಜೋಡಿಗೆರೆ ಅದರಲ್ಲಿ ಸ್ಪಷ್ಟವಾಗಿತ್ತು. ಪಹಣಿಯಲ್ಲಿ ಆ ಹಳ್ಳದಷ್ಟು ಗುಂಟೆ 'ಬಿ' ಖರಾಬು, ಅಂದರೆ ಸಾರ್ವಜನಿಕ ಜಾಗ, ಎಂದೂ ಇತ್ತು. ನೂರು ವರ್ಷದ ಹಿಂದೆ ಸರಪಳಿ ಹಿಡಿದು ಅಳೆದ ಸರ್ವೆಯವರು ಗುರುತಿಸಿದ್ದನ್ನು ಎಂ.ಟೆಕ್ ಓದಿದ ನಾನು ನೋಡಿರಲಿಲ್ಲ. ಇನ್ನೂ ಒಂದು ವಿಷಯ ಆಗ ಗೊತ್ತಾಯಿತು. ಆ ಕೆರೆಗೆ ನೀರು ಬರುವ ಪ್ರದೇಶದ ಬಹುಪಾಲು ನಮ್ಮ ಸ್ಥಳೀಯ ಯೋಜನಾ ಪ್ರದೇಶದ ಗೆರೆಯಿಂದ ಆಚೆಗಿತ್ತು. ಅಲ್ಲಿ ಗುಡ್ಡ ಬೋಳಾಗಿ, ಕಲ್ಲು ಕ್ವಾರಿ ಬಂದು, ಮೊದಲು ಇಂಗುತ್ತಿದ್ದ ಮಳೆ ಈಗ ಒಂದೇ ಬೀಸಿಗೆ ಕೆಳಗಿಳಿಯುತ್ತಿತ್ತು. ನಮ್ಮ ಗೆರೆಯ ಆಚೆ ಇದ್ದುದರಿಂದ ಆ ಗುಡ್ಡವನ್ನು ನಮ್ಮ ತಂಡದ ಯಾರೂ ತಲೆಯೆತ್ತಿ ನೋಡಿರಲಿಲ್ಲ. 'ಪ್ರಾದೇಶಿಕ' ಎಂಬ ಮಾತಿನ ಅರ್ಥ ನನಗೆ ಗೊತ್ತಾದದ್ದು ಪದವಿ ಪಡೆದು ಇಪ್ಪತ್ತು ವರ್ಷದ ಮೇಲೆ, ಆ ದಾಖಲೆ ಕೊಠಡಿಯಲ್ಲಿ.

ನೀವು ಪ್ಯಾಟ್ರಿಕ್ ಗೆಡ್ಡೆಸ್ ಹೆಸರನ್ನು ಈಗಾಗಲೇ ಕೇಳಿರುತ್ತೀರಿ. ಪರೀಕ್ಷೆಗೆ ಬರುವ ಹೆಸರು. ಜೀವವಿಜ್ಞಾನಿಯಾಗಿದ್ದ ಈ ಸ್ಕಾಟ್ಲೆಂಡಿನವನು 1914ರಲ್ಲಿ ಭಾರತಕ್ಕೆ ಬಂದು ಊರೂರು ಸುತ್ತಿ ಡಜನುಗಟ್ಟಲೆ ವರದಿ ಬರೆದ. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯೂ ಅವುಗಳಲ್ಲಿ ಇದೆ. 1919ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಮತ್ತು ಪೌರಶಾಸ್ತ್ರದ ಪ್ರಾಧ್ಯಾಪಕನಾದ. ಆ ಕಾಲದ ಎಂಜಿನಿಯರುಗಳು ಮಲೇರಿಯಾಕ್ಕೆ ಹೆದರಿ ಊರೊಳಗಿನ ಕೆರೆಕುಂಟೆಗಳನ್ನು ಮುಚ್ಚಿಸಲು ಹೊರಟಾಗ, ಮುಚ್ಚಬೇಡಿ, ಮೀನು ಬಾತುಕೋಳಿ ಬಿಡಿ, ಅವು ಸೊಳ್ಳೆಮರಿಗಳನ್ನು ತಿಂದುಕೊಳ್ಳುತ್ತವೆ ಎಂದು ವಾದಿಸಿದವನು ಅವನು. ನಕ್ಷೆ ಬರೆಯುವ ಮೊದಲು ಊರನ್ನು ಕಾಲ್ನಡಿಗೆಯಲ್ಲಿ ತಿಳಿಯಬೇಕು ಎಂಬುದು ಅವನ ಹಟ. ಬೆಟ್ಟದ ನೆತ್ತಿಯಿಂದ ಕಡಲಿನವರೆಗೆ ಒಂದು ಕಣಿವೆಯ ಉದ್ದಕ್ಕೂ ಯಾವ ಎತ್ತರದಲ್ಲಿ ಯಾವ ಕಸುಬಿನ ಜನ ಬದುಕುತ್ತಾರೆಂದು ತೋರಿಸುವ ಅವನ ಚಿತ್ರ ನಿಮ್ಮ ಪಠ್ಯದಲ್ಲಿರುತ್ತದೆ. ಅದನ್ನು ಸ್ಕಾಟ್ಲೆಂಡಿನ ಚಿತ್ರವೆಂದು ಬಿಡಬೇಡಿ. ಶರಾವತಿಯನ್ನೋ ಅಘನಾಶಿನಿಯನ್ನೋ ಹಿಡಿದು ಘಟ್ಟದಿಂದ ಅಳಿವೆಯವರೆಗೆ ಅದೇ ಚಿತ್ರ ಬರೆದು ನೋಡಿ. ಅಡಿಕೆ ತೋಟದವರು, ಗದ್ದೆಯವರು, ಅಳಿವೆಯಲ್ಲಿ ಚಿಪ್ಪು ಆಯುವವರು, ಬಂದರಿನವರು ಎಲ್ಲರೂ ಒಂದೇ ಗೆರೆಯ ಮೇಲೆ ಬರುತ್ತಾರೆ.

ಹೊರದೇಶಕ್ಕೆ ಹೋಗಿ ಓದುವ ಆಸೆ ನಿಮ್ಮಲ್ಲಿ ಹಲವರಿಗಿದೆ. ಹೋಗಿ, ಖಂಡಿತ ಹೋಗಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಬಡ ದೇಶಗಳ ಊರುಗಳನ್ನು ಕುರಿತು ಕಲಿಸುವ ಹೆಸರುವಾಸಿ ವಿಭಾಗವೊಂದಿದೆ. ಅದರ ಹಿಂದಿದ್ದ ಒಟ್ಟೊ ಕೋನಿಗ್ಸ್‌ಬರ್ಗರ್ ಎಂಬ ಜರ್ಮನ್ ಯೆಹೂದಿ ವಾಸ್ತುಶಿಲ್ಪಿ ಹಿಟ್ಲರನ ಕಾಲದಲ್ಲಿ ದೇಶ ಬಿಟ್ಟು, 1939ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿದವನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅವನ ಕಟ್ಟಡಗಳು ಈಗಲೂ ನಿಂತಿವೆ. ನಮ್ಮ ಬಿಸಿಲು ಮಳೆಯಲ್ಲಿ ದುಡಿದು ಕಲಿತದ್ದನ್ನೇ ಅವನು ಮುಂದೆ ಲಂಡನ್ನಿನಲ್ಲಿ ಪಾಠ ಮಾಡಿದ್ದು. ಹಾಗಾಗಿ ಹೋಗುವ ಮೊದಲು ಇಲ್ಲಿಯ ಒಂದು ತಾಲ್ಲೂಕನ್ನಾದರೂ ಚೆನ್ನಾಗಿ ತಿಳಿದುಕೊಂಡು ಹೋಗಿ. ಅಲ್ಲಿ ನಿಮ್ಮಿಂದ ಕೇಳಲು ಬಯಸುವುದೂ ಅದನ್ನೇ.

ಇನ್ನು ನಿಮ್ಮ ಪ್ರಬಂಧದ ವಿಷಯಕ್ಕೆ ಬರುತ್ತೇನೆ. ಪ್ರತಿ ವರ್ಷ ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳ ಶೀರ್ಷಿಕೆ ನೋಡುತ್ತೇನೆ. ಬೆಂಗಳೂರಿನ ಮೆಟ್ರೋ, ಬೆಂಗಳೂರಿನ ಐಟಿ ಕಾರಿಡಾರ್, ಬೆಂಗಳೂರಿನ ಪಾರ್ಕಿಂಗ್. ಬೆಂಗಳೂರಿನ ಕಷ್ಟ ದೊಡ್ಡದೇ. ಆದರೆ 2021ರಲ್ಲಿ ನೀತಿ ಆಯೋಗದ ವರದಿ ಹೇಳಿದ್ದನ್ನು ಗಮನಿಸಿ. ಆಗ ದೇಶದ 7,933 ಪಟ್ಟಣ ನಗರಗಳಲ್ಲಿ ಸುಮಾರು ಶೇ. 65ರಷ್ಟಕ್ಕೆ ಮಹಾಯೋಜನೆಯೇ ಇರಲಿಲ್ಲ. ರಾಜ್ಯಗಳ ಯೋಜನಾ ಇಲಾಖೆಗಳಿಗೆ 12,000ಕ್ಕೂ ಹೆಚ್ಚು ನಗರ ಯೋಜಕರು ಬೇಕಿತ್ತು. ಮಂಜೂರಾದ ಹುದ್ದೆ 3,945, ಅದರಲ್ಲೂ ಶೇ. 42 ಖಾಲಿ ಇದ್ದವು. ಜನಗಣತಿಯ ಲೆಕ್ಕದಲ್ಲಿ 5,000 ಜನ, ಚದರ ಕಿಲೋಮೀಟರಿಗೆ 400ರ ಸಾಂದ್ರತೆ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯದ ಹೊರಗೆ ಇದ್ದರೆ ಆ ಊರು ಪಟ್ಟಣ. ಹಾಗೆ ಪಟ್ಟಣವೆನಿಸಿಕೊಂಡೂ ಗ್ರಾಮ ಪಂಚಾಯಿತಿಯ ಕೈಯಲ್ಲೇ ಇರುವ ಊರುಗಳು ನಮ್ಮಲ್ಲಿ ಎಷ್ಟೋ ಇವೆ. ಅಲ್ಲಿ ಒಳಚರಂಡಿ ಇರುವುದಿಲ್ಲ, ನಕ್ಷೆ ಇರುವುದಿಲ್ಲ, ಲೇಔಟುಗಳು ಮಾತ್ರ ಏಳುತ್ತಲೇ ಇರುತ್ತವೆ. ನೀವು ನಿಜವಾಗಿ ಬೇಕಾಗಿರುವುದು ಅಂಥ ಕಡೆ.

ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯನ್ನು ನಿಮ್ಮ ಗ್ರಂಥಾಲಯದಿಂದ ತೆಗೆಸಿ ಓದಿ. ಆಗ ರಾಜ್ಯದಲ್ಲಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆಯೆಂದು, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆಯೆಂದು ಆ ಸಮಿತಿ ಅಳೆದು ತೋರಿಸಿತು. ಆಸ್ಪತ್ರೆ, ಶಾಲೆ, ರಸ್ತೆ, ನೀರಾವರಿ, ಬ್ಯಾಂಕು ಎಂದು ಒಂದೊಂದನ್ನೂ ತಾಲ್ಲೂಕುವಾರು ಲೆಕ್ಕ ಹಾಕಿದ ವರದಿ ಅದು. ಪ್ರಾದೇಶಿಕ ಯೋಜನೆ ಎಂದರೇನೆಂದು ಕನ್ನಡ ನಾಡಿನ ವಿದ್ಯಾರ್ಥಿಗೆ ಅದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣುವುದಿಲ್ಲ. ಆ ಮೂವತ್ತೊಂಬತ್ತರಲ್ಲಿ ರಾಯಚೂರು ಜಿಲ್ಲೆಯ ದೇವದುರ್ಗ ಒಂದು. ಸುಗ್ಗಿ ಮುಗಿದ ಮೇಲೆ ಆ ಸೀಮೆಯಿಂದ ಗುಳೆ ಹೊರಟ ಸಂಸಾರಗಳು ಬೆಂಗಳೂರಿನ ಅಪಾರ್ಟ್‌ಮೆಂಟು ಕೆಲಸದ ಬದಿಯ ತಗಡಿನ ಶೆಡ್ಡುಗಳಲ್ಲಿ ಇರುತ್ತವೆ. ಬೆಂಗಳೂರಿನ ನಕ್ಷೆ ಮಾಡುವವರಿಗೆ ಆ ಶೆಡ್ಡು ಕಾಣುವುದಿಲ್ಲ, ರಾಯಚೂರು ಜಿಲ್ಲೆಯ ಯೋಜನೆ ಮಾಡುವವರಿಗೆ ಅಲ್ಲಿಯ ಬೀಗ ಹಾಕಿದ ಮನೆ ಕಾಣುವುದಿಲ್ಲ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವವರು ನೀವಾಗಬೇಕೆಂದು ಬೇಡಿಕೊಳ್ಳುತ್ತೇನೆ. ಸಂವಿಧಾನದ 74ನೇ ತಿದ್ದುಪಡಿ ಜಿಲ್ಲಾ ಯೋಜನಾ ಸಮಿತಿ ಎಂಬ ವೇದಿಕೆಯನ್ನು ಮಾಡಿಟ್ಟಿರುವುದೇ ಪಂಚಾಯಿತಿಗಳ ಯೋಜನೆ, ಪುರಸಭೆಗಳ ಯೋಜನೆ ಎರಡನ್ನೂ ಕೂಡಿಸಿ ನೋಡಲಿ ಎಂದು. ಅಂಥ ಒಂದು ಸಭೆಗೆ ಅನುಮತಿ ಕೇಳಿ ಹೋಗಿ ಕುಳಿತುಬನ್ನಿ.

ಮತ್ತೊಂದು ವಿಷಯ ನನಗೆ ಬಹಳ ಮುಖ್ಯ. ಭಾಷೆಯದು.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಯೋಜನೆಯನ್ನು ಪ್ರಕಟಿಸಿದ ಮೇಲೆ ಜನ ತಮ್ಮ ಅಭಿಪ್ರಾಯ ಹೇಳಲು ಅರವತ್ತು ದಿನ ಇರುತ್ತದೆ. ನಾನು ಕುಳಿತಿದ್ದ ಒಂದು ಆಕ್ಷೇಪಣೆ ಸಭೆಗೆ ಒಬ್ಬ ರೈತರು ಪಹಣಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದರು. ಗೋಡೆಯ ಮೇಲಿನ ನಕ್ಷೆಯ ಮುಂದೆ ಬಹಳ ಹೊತ್ತು ನಿಂತು, ಕೊನೆಗೆ ನನ್ನ ಹತ್ತಿರ ಬಂದು, "ಸ್ವಾಮಿ, ನನ್ನ ಹೊಲ ಯಾವ ಬಣ್ಣದಾಗೆ ಐತೆ? ಆ ಬಣ್ಣ ಅಂದ್ರೆ ಏನು?" ಎಂದು ಕೇಳಿದರು. ಅರವತ್ತು ದಿನದಲ್ಲಿ ಐವತ್ತೆಂಟು ಮುಗಿದಿತ್ತು. ಯೋಜನೆಯ ವರದಿ ದಪ್ಪ ಪುಸ್ತಕ, ಪೂರ್ತಿ ಇಂಗ್ಲಿಷಿನಲ್ಲಿ. ಆ ದಿನ ಅವರ ಜೊತೆ ಬಂದವರಿಗೆಲ್ಲ ಮೂರು ಗಂಟೆ ನಿಂತು ಬಿಡಿಸಿ ಹೇಳಿದೆ. ಕೊನೆಗೆ ಅವರು ಬರೆದುಕೊಟ್ಟ ಆಕ್ಷೇಪಣೆ ಅರ್ಧ ಹಾಳೆಯದು, ಆದರೆ ಆ ಸೀಮೆಯ ಗುಂಡುತೋಪು ಎಲ್ಲಿ, ದನ ಹಾಯುವ ದಾರಿ ಎಲ್ಲಿ, ಬೇಸಿಗೆಯಲ್ಲೂ ನೀರು ನಿಲ್ಲುವ ಬಾವಿ ಯಾವುದು ಎಂದು ನಮ್ಮ ವರದಿಯಲ್ಲಿ ಇಲ್ಲದ್ದೆಲ್ಲ ಅದರಲ್ಲಿತ್ತು.

ಹಾಗಾಗಿ ನಿಮ್ಮ ಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಇಂಗ್ಲಿಷಿನಲ್ಲಿ ಕೊಟ್ಟರೂ ಅದರ ಸಾರವನ್ನು ಹತ್ತು ಪುಟದ ಕನ್ನಡದಲ್ಲಿ ಬರೆಯಿರಿ. ನೀವು ಅಧ್ಯಯನ ಮಾಡಿದ ಊರಿಗೆ ಮರಳಿ ಹೋಗಿ, ಪಂಚಾಯಿತಿಗೋ ಪುರಸಭೆಗೋ ಒಂದು ಪ್ರತಿ ಕೊಡಿ, ಗ್ರಂಥಾಲಯಕ್ಕೆ ಒಂದು ಪ್ರತಿ ಇಡಿ. ಎಫ್‌ಎಆರ್, ಸೆಟ್‌ಬ್ಯಾಕ್, ಝೋನಿಂಗ್ ಇವನ್ನೆಲ್ಲ ಹತ್ತನೇ ತರಗತಿ ಓದಿದವರಿಗೆ ತಿಳಿಯುವ ಹಾಗೆ ಹೇಳಲು ಅಭ್ಯಾಸ ಮಾಡಿ. ಬರೆಯಲು ಹೊರಟಾಗ, ನಮಗೇ ಅರ್ಥವಾಗದೆ ಬಿಟ್ಟ ಜಾಗ ಯಾವುದೆಂದು ಗೊತ್ತಾಗುತ್ತದೆ. ಹಾಗೆಯೇ ತೂಬು, ಕೋಡಿ, ಅಚ್ಚುಕಟ್ಟು, ಗೋಮಾಳ, ಖರಾಬು, ಬಂಡಿದಾರಿ ಎಂಬ ಮಾತುಗಳನ್ನು ಕಲಿಯಿರಿ. ನಿಮ್ಮಲ್ಲಿ ಪೇಟೆಯಲ್ಲೇ ಬೆಳೆದವರು ನಾಚಿಕೆಪಡದೆ ಹಳ್ಳಿಯಿಂದ ಬಂದ ಸಹಪಾಠಿಯನ್ನು ಕೇಳಿ. ಹಳ್ಳಿಯಿಂದ ಬಂದವರು, ಇಂಗ್ಲಿಷ್ ಸಾಲದೆಂದು ತರಗತಿಯಲ್ಲಿ ಹಿಂದೆ ಕೂರಬೇಡಿ. ಈ ಓದಿಗೆ ಬೇಕಾದ ಅರ್ಧ ತಿಳಿವಳಿಕೆ ನಿಮ್ಮ ಮನೆಯಲ್ಲೇ ಇದೆ.

ಕೆಲಸಕ್ಕೆ ಸೇರಿದ ಮೇಲೆ ಒತ್ತಡ ಬರುತ್ತದೆ. ಒಂದು ಸರ್ವೆ ನಂಬರಿನ ಬಣ್ಣ ಬದಲಾಯಿಸಿ ಎಂದು ಫೋನ್ ಬರುತ್ತದೆ. ಎಲ್ಲ ಸಲವೂ ನೀವು ತಡೆಯಬಲ್ಲಿರಿ ಎಂದು ನಾನು ಹೇಳಲಾರೆ, ನನಗೂ ಆಗಲಿಲ್ಲ. ಆದರೆ ಕಡತದಲ್ಲಿ ಟಿಪ್ಪಣಿ ಬರೆಯುವ ಹಕ್ಕನ್ನು ನಿಮ್ಮಿಂದ ಯಾರೂ ಕಿತ್ತುಕೊಳ್ಳಲಾರರು. "ಈ ಜಮೀನಿನಲ್ಲಿ ಗ್ರಾಮ ನಕಾಶೆಯಂತೆ ಹಳ್ಳ ಹಾದಿರುತ್ತದೆ" ಎಂಬ ಒಂದೇ ಸಾಲನ್ನು ದಿನಾಂಕ ಹಾಕಿ ಬರೆಯಿರಿ. ನಾನು ಬರೆದ ಅಂಥ ಸಾಲೊಂದು ಹದಿನೈದು ವರ್ಷದ ನಂತರ ಒಂದು ಕೆರೆಯ ವ್ಯಾಜ್ಯದಲ್ಲಿ ಹೊರಬಂದು ಊರಿನವರ ಕೈಗೆ ಆಧಾರವಾಯಿತು. ಆ ಕೆರೆ ಉಳಿದಿದೆ.

ಕೊನೆಯದಾಗಿ, ಮೊದಲ ಸೆಮಿಸ್ಟರು ಮುಗಿಯುವ ಮುನ್ನ ಒಂದು ಕೆಲಸ ಮಾಡಿ. ನಿಮ್ಮ ಸ್ವಂತ ಊರಿನ, ಇಲ್ಲವೇ ನಿಮ್ಮ ಅಜ್ಜಿಯ ಊರಿನ ಗ್ರಾಮ ನಕಾಶೆ ತೆಗೆಸಿ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲೂ ಸಿಗುತ್ತದೆ. ಅದನ್ನು ಕೈಯಲ್ಲಿ ಹಿಡಿದು, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು, ಕೆರೆಯ ನೀರು ಬರುವ ದಾರಿ ಮತ್ತು ಹೋಗುವ ದಾರಿ ಎರಡನ್ನೂ ಪೂರ್ತಿ ನಡೆಯಿರಿ. ಅವರು ಹೇಳಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ, ಮತ್ತು ಅದೇ ದಿನ ಸಂಜೆ ನಕ್ಷೆಯ ಮೇಲೆ ಗುರುತು ಮಾಡಿ. ಮರುದಿನಕ್ಕೆ ಇಡಬೇಡಿ.

ನನ್ನ ಹಳದಿ ಬಣ್ಣದ ಆ ಊರಿನ ನಕಾಶೆಯ ಪ್ರತಿ ಇನ್ನೂ ನನ್ನ ಬಳಿ ಇದೆ. ಹಳೆಯ ನಕಾಶೆಯ ಗುರುತುಗಳನ್ನು ಓದುವುದು ಹೇಗೆಂದು ಕಲಿಯಬೇಕೆನ್ನುವವರಿಗೆ ಕುಳಿತು ಹೇಳಿಕೊಡಲು ನಾನು ಸಿದ್ಧ. ಬೆಳಿಗ್ಗೆ ಆರರಿಂದ ಏಳೂವರೆಯವರೆಗೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿರುತ್ತೇನೆ. ನಕಾಶೆ ಹಿಡಿದು ಬಂದ ಯಾರನ್ನಾದರೂ ನಿಲ್ಲಿಸಿ ಮಾತನಾಡಿಸುತ್ತೇನೆ.

ಇತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ನಗರ ಯೋಜಕ
ಮೈಸೂರು